ಲಾಗ್ ಹೇಳಿದ್ದೇ ಬೇರೆ: ಮುಂಬೈಯ ಒಂದು ಕ್ರೆಡಿಟ್ ಸೊಸೈಟಿಯ ಲಾಗಿನ್ ಪ್ರಕರಣ

ಫೋರ್ಟ್‌ನಲ್ಲಿ ಮುಖ್ಯ ಕಚೇರಿ. ಮಾಟುಂಗಾ, ಮುಲುಂಡ್, ಡೊಂಬಿವಲಿ, ವಾಶಿಯಲ್ಲಿ ಶಾಖೆಗಳು. ಕನ್ನಡದವರೇ ಸೇರಿ ಕಟ್ಟಿ ನಡೆಸುತ್ತಿರುವ ಕ್ರೆಡಿಟ್ ಸೊಸೈಟಿ ಇದು. ಹೆಸರು ಇಲ್ಲಿ ಬೇಡ. ಸದಸ್ಯರಲ್ಲಿ ಹೋಟೆಲ್ ಮತ್ತು ಕ್ಯಾಂಟೀನ್‌ನವರೇ ಜಾಸ್ತಿ. ಪಿಗ್ಮಿ, ಆರ್‌ಡಿ, ಚಿನ್ನದ ಸಾಲ, ಇಷ್ಟು ವ್ಯವಹಾರ. ಎಲ್ಲ ಶಾಖೆ ಸೇರಿ ಅರವತ್ತರ ಆಸುಪಾಸು ಕಂಪ್ಯೂಟರ್. ಬಹುಪಾಲು ಎಲ್ಲವೂ ಫೋರ್ಟ್‌ನಲ್ಲಿರುವ ವಿಂಡೋಸ್ ಸರ್ವರ್‌ನ ಆಕ್ಟಿವ್ ಡೈರೆಕ್ಟರಿಗೆ, ಅಂದರೆ ಎಲ್ಲರ ಖಾತೆ, ಪಾಸ್‌ವರ್ಡ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆಗೆ, ಸೇರಿದ್ದವು. ಹೀಗೆ ಸೇರಿದ ಕಂಪ್ಯೂಟರ್‌ಗಳ ಗುಂಪಿಗೆ ಡೊಮೇನ್ ಅಂತಾರೆ.

ಆಡಿಟ್‌ನವರು ಕೊಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಲಾಗಿನ್‌ಗೆ ಯಾವ ಪ್ರೋಟೋಕಾಲ್ ಬಳಸುತ್ತೀರಿ? ಅಂದರೆ, ಬಂದವರು ಯಾರು ಅಂತ ಸರ್ವರ್ ಖಾತ್ರಿ ಮಾಡಿಕೊಳ್ಳುವ ಕ್ರಮ ಯಾವುದು? ಐಟಿ ನೋಡಿಕೊಳ್ಳುವ ಹುಡುಗ ಒಂದೇ ಪದ ಬರೆದಿದ್ದ: ಕರ್ಬರೋಸ್. ಅವನು ಸುಳ್ಳು ಬರೆದಿರಲಿಲ್ಲ. ವಿಂಡೋಸ್ 2000 ಬಂದಾಗಿನಿಂದ ಡೊಮೇನ್‌ನಲ್ಲಿ ಮೊದಲು ನಡೆಯುವುದು ಕರ್ಬರೋಸೇ. ಆದರೆ ಅದು ಆಗದಿದ್ದರೆ ವಿಂಡೋಸ್ ಸುಮ್ಮನಿರುವುದಿಲ್ಲ. ತನ್ನಲ್ಲಿ ಅದಕ್ಕಿಂತ ಮೊದಲಿದ್ದ ಎನ್‌ಟಿಎಲ್‌ಎಂ ಅನ್ನುವುದಕ್ಕೆ ಇಳಿಯುತ್ತದೆ, ಅದೂ ಯಾರಿಗೂ ಹೇಳದೆ. ಕೂತವರಿಗೆ ಫೈಲ್ ತೆರೆದುಕೊಳ್ಳುತ್ತದೆ, ಕೆಲಸ ಸಾಗುತ್ತದೆ. ಯಾವ ದಾರಿಯಲ್ಲಿ ಒಳಗೆ ಬಂದೆವು ಅಂತ ಯಾರು ಕೇಳುತ್ತಾರೆ?

ಕೇಳುವ ಹಾಗಾಗಿದ್ದು ಮುಲುಂಡ್ ಶಾಖೆಯ ಅಕೌಂಟೆಂಟ್ ಅವರಿಂದ. ಅವರ ಖಾತೆ ಪದೇ ಪದೇ ಲಾಕ್ ಆಗುತ್ತಿತ್ತು. ಪಾಸ್‌ವರ್ಡ್ ಬದಲಿಸಿದ ಮರುದಿನದಿಂದ ಶುರು. ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಅಂತ ಶಾಖೆಯಲ್ಲಿ ಗುಲ್ಲೆದ್ದಿತು. ಸರ್ವರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಬಂದರು ಅಂತ ಅದು ಬರೆದಿಡುವ ದಾಖಲೆಯಲ್ಲಿ, 4740 ಅನ್ನುವ ಘಟನೆ ಖಾತೆ ಲಾಕ್ ಆಗಿದ್ದನ್ನು ಹೇಳುತ್ತದೆ, ಎಲ್ಲಿಂದ ಅನ್ನುವುದನ್ನೂ ಹೇಳುತ್ತದೆ. ನೋಡಿದರೆ ಅದು ಶಾಖೆಯ ಮೂಲೆಯಲ್ಲಿದ್ದ ಹಳೇ ಸ್ಕ್ಯಾನರ್. ಕೆವೈಸಿ ಕಾಗದ ಸ್ಕ್ಯಾನ್ ಮಾಡಿ ಸರ್ವರ್‌ನ ಫೋಲ್ಡರ್‌ಗೆ ಹಾಕಲು, ಯಾವುದೋ ಕಾಲದಲ್ಲಿ ಅದರೊಳಗೆ ಅಕೌಂಟೆಂಟ್ ಅವರ ಹೆಸರು, ಪಾಸ್‌ವರ್ಡ್ ತುಂಬಿಸಿಟ್ಟಿದ್ದರು. ಪಾಸ್‌ವರ್ಡ್ ಬದಲಾದದ್ದು ಸ್ಕ್ಯಾನರ್‌ಗೆ ಗೊತ್ತಿಲ್ಲ. ಪ್ರತಿ ಸ್ಕ್ಯಾನ್‌ಗೂ ಹಳೇದನ್ನೇ ಕಳಿಸುತ್ತಿತ್ತು.

ಇಲ್ಲಿಗೆ ಮುಗಿಸಬಹುದಿತ್ತು. ಹೊಸ ಪಾಸ್‌ವರ್ಡ್ ತುಂಬಿಸಿದರೆ ಆಯಿತು. ಆದರೆ ಅದೇ ಸ್ಕ್ಯಾನರ್ ಹಿಂದೆ ಯಶಸ್ವಿಯಾಗಿ ಲಾಗಿನ್ ಆದ ದಾಖಲೆಗಳಲ್ಲಿ, ಅಂದರೆ 4624ರಲ್ಲಿ, ಪ್ಯಾಕೇಜ್ ಹೆಸರಿನ ಜಾಗದಲ್ಲಿ ಎನ್‌ಟಿಎಲ್‌ಎಂ ವಿ1, ಅಂದರೆ ಅದರ ಮೊದಲ ಆವೃತ್ತಿ, ಅಂತ ಇತ್ತು. ಈ ಕಾಲದಲ್ಲಿ ವಿ1! ಆಮೇಲೆ ಉಳಿದದ್ದನ್ನೂ ನೋಡದೆ ಬಿಡಲಾಗಲಿಲ್ಲ. ಕಾರ್ಯದರ್ಶಿಗಳಿಂದ ಲಿಖಿತ ಒಪ್ಪಿಗೆ ಪಡೆದು, ಪರೀಕ್ಷೆಗೆಂದೇ ಮಾಡಿದ ಖಾತೆಯಿಂದ, ನಾನೂ ಐಟಿ ಹುಡುಗನೂ ಎಲ್ಲಿ ಯಾವ ಪ್ರೋಟೋಕಾಲ್ ಓಡುತ್ತಿದೆ ಅಂತ ಹುಡುಕಿದೆವು.

ಸಿಕ್ಕಿದ ಚಿತ್ರ ಹೀಗಿತ್ತು. ಕಂಪ್ಯೂಟರ್ ತೆರೆಯುವಾಗ ಕರ್ಬರೋಸ್. ಹಂಚಿಕೊಂಡ ಫೋಲ್ಡರ್‌ಗಳಿಗೆ ಬಹುಪಾಲು ಎನ್‌ಟಿಎಲ್‌ಎಂ ವಿ2. ಸ್ಕ್ಯಾನರ್‌ಗೆ ವಿ1. ನಿರ್ದೇಶಕರು ಮನೆಯಿಂದ ಕೆಲಸ ಮಾಡಲು ಪಿಪಿಟಿಪಿ ಅನ್ನುವ ಹಳೇ ಬಗೆಯ ವಿಪಿಎನ್ (ಇಂಟರ್‌ನೆಟ್ ಮೂಲಕ ಕಚೇರಿ ಜಾಲಕ್ಕೆ ಸೇರಿಸುವ ದಾರಿ), ಅದರೊಳಗೆ ಪಾಸ್‌ವರ್ಡ್ ಪರೀಕ್ಷೆಗೆ ಎಂಎಸ್-ಚಾಪ್ ವಿ2. ಶಾಖೆಗಳ ರೌಟರ್ ಮತ್ತು ಸ್ವಿಚ್‌ಗೆ ಲಾಗಿನ್ ಆಗಲು ರೇಡಿಯಸ್ (ಬಂದವರನ್ನು ಒಳಗೆ ಬಿಡಬಹುದೇ ಅಂತ ಮುಖ್ಯ ಸರ್ವರ್ ಬಳಿ ಕೇಳುವ ಪ್ರೋಟೋಕಾಲ್), ಅದರೊಳಗೆ ಪ್ಯಾಪ್. ಸಾಲದ ಸಾಫ್ಟ್‌ವೇರ್‌ನಿಂದ ಸರ್ವರ್‌ಗೆ ಎಲ್‌ಡ್ಯಾಪ್ (ಖಾತೆಗಳ ಪಟ್ಟಿಯನ್ನು ಕೇಳುವ ಪ್ರೋಟೋಕಾಲ್), 389ನೇ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ನ ಆ ನಂಬರಿನ ಬಾಗಿಲಲ್ಲಿ, ಗೂಢಲಿಪಿಯಿಂದ ಏನೂ ಮುಚ್ಚದೆ. ವೈಫೈಗೆ ಇಡೀ ಶಾಖೆಗೆ ಒಂದೇ ಪಾಸ್‌ವರ್ಡ್. ಒಂದು ಪದ ಬರೆದ ಜಾಗದಲ್ಲಿ ಏಳು ಉತ್ತರ.

ಎಲ್‌ಡ್ಯಾಪ್‌ನ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಜಾಲದಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಪರೀಕ್ಷೆ ಖಾತೆಯಿಂದ ಸಾಲದ ಸಾಫ್ಟ್‌ವೇರ್‌ಗೆ ಲಾಗಿನ್ ಆದರೆ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ತೆರೆಯ ಮೇಲೆ ಕಾಣುತ್ತಿತ್ತು. ಐಟಿ ಹುಡುಗ ನೋಡಿ "ಇದನ್ನ ಕಾರ್ಯದರ್ಶಿಗಳಿಗೆ ತೋರಿಸೋದು ಬೇಡ ಸರ್" ಅಂದ. ತೋರಿಸಿದೆವು. ಇದನ್ನೇ ಮುಚ್ಚಿ ಕಳಿಸುವ, 636ನೇ ಪೋರ್ಟ್‌ನ ಎಲ್‌ಡ್ಯಾಪ್ಸ್‌ಗೆ ಬದಲಿಸಲು ಅನುಮತಿ ಅಲ್ಲೇ ಸಿಕ್ಕಿತು.

ಕಾರ್ಯದರ್ಶಿಗಳು ಉಡುಪಿ ಕಡೆಯವರು. ಲೆಕ್ಕದಲ್ಲಿ ಪಳಗಿದವರು. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಎಲ್ಲರ ಪಾಸ್‌ವರ್ಡ್ ಉದ್ದ ಮಾಡಿಸಿದ್ರೆ ಸಾಕಲ್ವಾ ಮಾರಾಯ್ರೇ? ಇಷ್ಟೆಲ್ಲ ಯಾಕೆ?"

ಉತ್ತರ ಪ್ರೋಟೋಕಾಲ್ ಮೇಲೆ ನಿಂತಿದೆ. ಎನ್‌ಟಿಎಲ್‌ಎಂ ವಿ1 ಮತ್ತು ಎಂಎಸ್-ಚಾಪ್ ವಿ2, ಇವೆರಡರ ಎದೆಯಲ್ಲಿರುವ ಲೆಕ್ಕ ಒಂದೇ. ಪಾಸ್‌ವರ್ಡ್‌ನಿಂದ 16 ಬೈಟ್‌ನ ಒಂದು ಹ್ಯಾಶ್, ಅಂದರೆ ಹಿಂದಕ್ಕೆ ತಿರುಗಿಸಲಾಗದ ಅಚ್ಚು, ಬರುತ್ತದೆ. ಅದರ ಕೊನೆಗೆ 5 ಸೊನ್ನೆ ಬೈಟ್ ಸೇರಿಸಿ 21 ಮಾಡುತ್ತಾರೆ. ಅದನ್ನು 7, 7, 7 ಅಂತ ಮೂರು ತುಂಡು ಮಾಡಿ, ಒಂದೊಂದನ್ನೂ ಡಿಇಎಸ್ ಅನ್ನುವ ಹಳೇ ಗೂಢಲಿಪಿಯ ಕೀಲಿಯಾಗಿ ಬಳಸಿ, ಸವಾಲು ಅನ್ನುವ ಒಂದು ಸಂಖ್ಯೆಯನ್ನು ಮುಚ್ಚುತ್ತಾರೆ. ಹೀಗೆ ಮುಚ್ಚಿದ್ದೇ ಸರ್ವರ್‌ಗೆ ಹೋಗುವ ಉತ್ತರ. ಈಗ ಗಮನಿಸಿ. ಮೂರನೇ ತುಂಡಿನಲ್ಲಿ ನಿಜವಾದದ್ದು 2 ಬೈಟ್ ಮಾತ್ರ, ಉಳಿದದ್ದು ಸೊನ್ನೆ. ಅಂದರೆ 65,536 ಸಾಧ್ಯತೆ. ಕಂಪ್ಯೂಟರ್‌ಗೆ ಅದು ಕಣ್ಣು ಮಿಟುಕಿಸುವ ಕೆಲಸ. ಉಳಿದ ಎರಡು ತುಂಡುಗಳೂ ಒಂದೇ ಸವಾಲಿನ ಮೇಲೆ ಓಡುತ್ತವೆ. ಹಾಗಾಗಿ ಡಿಇಎಸ್‌ನ ಎಲ್ಲ ಕೀಲಿಗಳನ್ನು ಒಂದು ಸಲ ಹಾಯ್ದು ಬಂದರೆ ಎರಡೂ ಸಿಗುತ್ತವೆ. ಇಷ್ಟು ಮಾಡಿದವರ ಕೈಗೆ ಬರುವುದು ಪಾಸ್‌ವರ್ಡ್ ಅಲ್ಲ, ಹ್ಯಾಶ್. ಆದರೆ ವಿಂಡೋಸ್ ಜಗತ್ತಿನಲ್ಲಿ ಒಳಗೆ ಬರಲು ಹ್ಯಾಶ್ ಇದ್ದರೆ ಸಾಕು.

ಇದರಲ್ಲಿ ಪಾಸ್‌ವರ್ಡ್‌ನ ಉದ್ದ ಎಲ್ಲಿ ಬಂತು? ಎಲ್ಲೂ ಇಲ್ಲ. 8 ಅಕ್ಷರವಾದರೂ 40 ಅಕ್ಷರವಾದರೂ ಹ್ಯಾಶ್ 16 ಬೈಟೇ. 1999ರಲ್ಲೇ ಭದ್ರತಾ ತಜ್ಞರಾದ ಬ್ರೂಸ್ ಶ್ನಯರ್, ಮಡ್ಜ್, ಡೇವಿಡ್ ವ್ಯಾಗ್ನರ್ ಎಂಎಸ್-ಚಾಪ್ ವಿ2ನ ದೌರ್ಬಲ್ಯ ಬರೆದಿದ್ದರು. 2012ರ ಡೆಫ್‌ಕಾನ್ ಹ್ಯಾಕರ್ ಸಮಾವೇಶದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಒಂದು ದಿನದೊಳಗೆ ಇದನ್ನು ಬಿಡಿಸಬಹುದು ಅಂತ ಯಂತ್ರ ಸಮೇತ ತೋರಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಕೂಡ ಎಂಎಸ್-ಚಾಪ್ ವಿ2 ಅನ್ನು ಬರಿದಾಗಿ, ಹೊರಗೆ ಇನ್ನೊಂದು ಹೊದಿಕೆ ಇಲ್ಲದೆ, ಬಳಸಬೇಡಿ ಅಂತ ಎಚ್ಚರಿಸಿತು. 2016ರಲ್ಲಿ ಆಪಲ್ ಐಓಎಸ್ 10 ಮತ್ತು ಮ್ಯಾಕ್‌ಓಎಸ್ ಸಿಯೆರಾದಿಂದ ಪಿಪಿಟಿಪಿಯನ್ನೇ ತೆಗೆದುಹಾಕಿತು.

ಈ ಕೊನೆಯ ಸಂಗತಿಗೆ ಸೊಸೈಟಿಯಲ್ಲೂ ಒಂದು ಸಾಕ್ಷಿ ಇತ್ತು. ಒಬ್ಬ ನಿರ್ದೇಶಕರು ತಮ್ಮ ಮ್ಯಾಕ್‌ನಿಂದ ವಿಪಿಎನ್ ಆಗುತ್ತಿಲ್ಲ ಅಂತ ದೂರಿ ದೂರಿ ಸುಸ್ತಾಗಿದ್ದರು. ಕಂಪ್ಯೂಟರ್ ಸರಿಯಿಲ್ಲ ಅಂತ ಎಲ್ಲರೂ ಅವರಿಗೇ ಹೇಳುತ್ತಿದ್ದರು. ಸರಿಯಿದ್ದದ್ದು ಅವರ ಕಂಪ್ಯೂಟರ್ ಮಾತ್ರ!

ಎನ್‌ಟಿಎಲ್‌ಎಂ ವಿ2 ಈ ಗುಂಪಿಗೆ ಸೇರಿದ್ದಲ್ಲ. ಅಲ್ಲಿ ಡಿಇಎಸ್ ಇಲ್ಲ, ಎಚ್‌ಮ್ಯಾಕ್-ಎಂಡಿ5 ಅನ್ನುವ ಬೇರೆ ಲೆಕ್ಕ ಇದೆ. ಹಿಡಿದ ಉತ್ತರದಿಂದ ಪಾಸ್‌ವರ್ಡ್ ತೆಗೆಯಲು ಒಂದೊಂದೇ ಊಹಿಸಿ ನೋಡಬೇಕು. ಇಲ್ಲಿ ಕಾರ್ಯದರ್ಶಿಗಳ ಮಾತು ಸರಿ, ಉದ್ದದ ಪಾಸ್‌ವರ್ಡ್ ಕಾಪಾಡುತ್ತದೆ. ಆದರೆ ವಿ2ಕ್ಕೂ ಒಂದು ರೋಗ ಇದೆ. ಕೊಟ್ಟ ಉತ್ತರ ಯಾವ ಸರ್ವರ್‌ಗೆ ಅನ್ನುವುದು ತಾನಾಗಿ ಗಟ್ಟಿಯಾಗುವುದಿಲ್ಲ. ಮಧ್ಯದಲ್ಲಿ ಕೂತವನು ಪಾಸ್‌ವರ್ಡ್ ಬಿಡಿಸುವ ಗೋಜಿಗೇ ಹೋಗದೆ, ಸರ್ವರ್ ಕೇಳಿದ ಸವಾಲನ್ನು ನೌಕರರ ಕಂಪ್ಯೂಟರ್‌ಗೆ ದಾಟಿಸಿ, ಅಲ್ಲಿಂದ ಬಂದ ಉತ್ತರವನ್ನು ಸರ್ವರ್‌ಗೆ ದಾಟಿಸಿ, ತಾನೇ ಒಳಗೆ ಹೋಗಬಹುದು. ಇದಕ್ಕೆ ರಿಲೇ ಅಂತಾರೆ. ಎಸ್‌ಎಂಬಿ ಸೈನಿಂಗ್ (ಫೈಲ್ ಹಂಚಿಕೆಯ ಸಂದೇಶಗಳಿಗೆ ಸಹಿ ಹಾಕುವುದು) ಕಡ್ಡಾಯವಾಗಿದ್ದರೆ ಫೈಲ್ ಸರ್ವರ್‌ನ ಮೇಲೆ ಇದು ನಡೆಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕಚೇರಿಗಳಲ್ಲಿ ಬಳಸುವ ಬಗೆಗಳಲ್ಲಿ ಕಡ್ಡಾಯ ಮಾಡಿದೆ, ವಿ1 ಅನ್ನು ತೆಗೆದಿದೆ. 2024ರ ಜೂನ್‌ನಲ್ಲಿ ಎನ್‌ಟಿಎಲ್‌ಎಂನ ಎಲ್ಲ ಆವೃತ್ತಿಗಳಿಗೂ ಇನ್ನು ಹೊಸ ಕೆಲಸ ಇಲ್ಲ ಅಂತ ಘೋಷಿಸಿದೆ. ಸೊಸೈಟಿಯ ಹಳೇ ಸರ್ವರ್‌ಗೆ ಈ ಸುದ್ದಿ ಮುಟ್ಟಿರಲಿಲ್ಲ.

ಹಾಗಾದರೆ ಕರ್ಬರೋಸ್ ಇದ್ದೂ ಫೋಲ್ಡರ್‌ಗಳಿಗೆ ಎನ್‌ಟಿಎಲ್‌ಎಂ ಯಾಕೆ ಓಡುತ್ತಿತ್ತು? ಕಾರಣ ತೀರಾ ಸಣ್ಣದು. ಹಿಂದೆ ಯಾವತ್ತೋ, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಾಗ, ಹೆಸರಿನ ಬದಲು ಐಪಿ ವಿಳಾಸ ಹಾಕಿ ಫೋಲ್ಡರ್‌ಗಳನ್ನು ಜೋಡಿಸಿದ್ದರು. ಡಿಎನ್‌ಎಸ್ ಸರಿಹೋಯಿತು, ಐಪಿ ಹಾಗೇ ಉಳಿಯಿತು. ಕರ್ಬರೋಸ್ ಸೇವೆಗಳನ್ನು ಹೆಸರಿನಿಂದ ಗುರುತಿಸುತ್ತದೆ. ಬರೀ ಐಪಿ ಕೊಟ್ಟರೆ, ಬೇರೆ ಏರ್ಪಾಡು ಮಾಡಿರದಿದ್ದರೆ, ಅದು ಕೈಚೆಲ್ಲುತ್ತದೆ, ವಿಂಡೋಸ್ ಎನ್‌ಟಿಎಲ್‌ಎಂಗೆ ಇಳಿಯುತ್ತದೆ. ಯಾರೋ ಅವಸರದಲ್ಲಿ ಮಾಡಿದ ಒಂದು ಜೋಡಣೆಯಿಂದ ಇಡೀ ಸೊಸೈಟಿ ಹಳೇ ಪ್ರೋಟೋಕಾಲ್‌ನಲ್ಲಿ ಕೂತಿತ್ತು. ನನಗನ್ನಿಸುವುದು ಇಷ್ಟೇ: ಯಾವುದು ಬಲವಾದದ್ದು ಅಂತ ಪ್ರೋಟೋಕಾಲ್‌ಗಳನ್ನು ಹೋಲಿಸುವ ಮೊದಲು, ಬಲವಾದದ್ದು ಸೋತಾಗ ಕೆಳಗೆ ಏನಿದೆ ಅಂತ ನೋಡಬೇಕು. ನುಗ್ಗುವವನು ಆಡಿಟ್ ಫಾರ್ಮ್ ಓದಿ ಬರುವುದಿಲ್ಲ. ಕೆಳಗಿನ ಮೆಟ್ಟಿಲಿನಿಂದಲೇ ಹತ್ತುತ್ತಾನೆ.

ಕರ್ಬರೋಸ್ ನಡೆಯುವ ರೀತಿಯನ್ನು ಮುಂಬೈಯವರಿಗೆ ವಿವರಿಸುವುದು ಸುಲಭ. ಲೋಕಲ್ ಟ್ರೈನಿನ ಪಾಸ್ ಇದ್ದ ಹಾಗೆ. ಕಿಟಕಿಯಲ್ಲಿ ಒಂದು ಸಲ ಗುರುತು ತೋರಿಸಿ ಪಾಸ್ ತೆಗೆದುಕೊಂಡರೆ ಆಯಿತು, ಆಮೇಲೆ ಟಿಸಿ ನೋಡುವುದು ಪಾಸ್ ಮಾತ್ರ. ಇಲ್ಲಿ ಆ ಪಾಸ್ ಸಾಮಾನ್ಯವಾಗಿ 10 ಗಂಟೆ ನಡೆಯುತ್ತದೆ. ಅದನ್ನು ತೋರಿಸಿ ಒಂದೊಂದು ಸೇವೆಗೂ ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು. ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಸರ್ವರ್ ಕೂಡ ತಾನು ಅಸಲಿ ಅಂತ ತೋರಿಸಬಹುದು. ಟಿಕೆಟ್ ಒಂದು ಸೇವೆಗೆ ಕಟ್ಟಿದ್ದರಿಂದ ಇನ್ನೊಂದು ಕಡೆ ಚಲಾಯಿಸುವುದು ಎನ್‌ಟಿಎಲ್‌ಎಂನಷ್ಟು ಸಲೀಸಲ್ಲ. 1978ರಲ್ಲಿ ನೀಡಮ್ ಮತ್ತು ಶ್ರೋಡರ್ ಕೊಟ್ಟ ಯೋಚನೆಯಿಂದ 1980ರ ದಶಕದಲ್ಲಿ ಎಂಐಟಿಯ ಅಥೀನಾ ಯೋಜನೆಯಲ್ಲಿ ಹುಟ್ಟಿದ್ದು ಇದು. ಇಷ್ಟು ವರ್ಷ ಬಾಳಿದೆ ಅಂದರೆ ಅಡಿಪಾಯ ಗಟ್ಟಿ ಇರಬೇಕಲ್ವಾ?

ಗಟ್ಟಿಯೇ. ಆದರೂ ಸೊಸೈಟಿಯಲ್ಲಿ ನಾವು ಕಂಡ ಅತಿ ದೊಡ್ಡ ತೂತು ಇದ್ದದ್ದು ಕರ್ಬರೋಸ್‌ನಲ್ಲೇ. ಡೇಟಾಬೇಸ್ ಸೇವೆಗೆಂದು ಒಂದು ಖಾತೆ ಇತ್ತು. ಸಾಫ್ಟ್‌ವೇರ್ ಹಾಕಿದವರು ಅವಸರಕ್ಕೆ ಅದನ್ನು ಎಲ್ಲದಕ್ಕೂ ಅಧಿಕಾರ ಇರುವ ಡೊಮೇನ್ ಅಡ್ಮಿನ್ ಗುಂಪಿಗೆ ಸೇರಿಸಿ ಹೋಗಿದ್ದರು. ಡೊಮೇನ್‌ನಲ್ಲಿರುವ ಯಾವ ಸಾಮಾನ್ಯ ನೌಕರನೂ ಅಂಥ ಸೇವೆಗೆ ಟಿಕೆಟ್ ಕೇಳಬಹುದು, ಸರ್ವರ್ ಕೊಡುತ್ತದೆ. ಅದು ನಿಯಮ, ತಪ್ಪಲ್ಲ. ಆದರೆ ಆ ಟಿಕೆಟ್ ಆ ಖಾತೆಯ ಪಾಸ್‌ವರ್ಡ್‌ನಿಂದ ಬಂದ ಕೀಲಿಯಿಂದಲೇ ಮುಚ್ಚಿರುತ್ತದೆ. ಮನೆಗೆ ಒಯ್ದು ನಿಧಾನಕ್ಕೆ ಊಹಿಸುತ್ತಾ ಕೂರಬಹುದು. ಭದ್ರತಾ ತಜ್ಞ ಟಿಮ್ ಮೆಡಿನ್ 2014ರಲ್ಲಿ ತೋರಿಸಿದ ಈ ದಾಳಿಗೆ ಕರ್ಬರೋಸ್ಟಿಂಗ್ ಅಂತ ಹೆಸರು. ಟಿಕೆಟ್ ಆರ್‌ಸಿ4 ಅನ್ನುವ ಹಳೇ ಗೂಢಲಿಪಿಯಲ್ಲಿದ್ದರೆ ಊಹೆ ತುಂಬಾ ವೇಗ, ಯಾಕೆಂದರೆ ಅಲ್ಲಿ ಕೀಲಿ ಅಂದರೆ ಮೇಲೆ ಹೇಳಿದ ಅದೇ 16 ಬೈಟ್‌ನ ಹಳೇ ಎನ್‌ಟಿ ಹ್ಯಾಶ್. ಹೊಸದಾದ ಎಇಎಸ್ ಗೂಢಲಿಪಿ ಆದರೆ ಒಂದೊಂದು ಊಹೆಗೂ 4,096 ಸುತ್ತಿನ ಲೆಕ್ಕ ಮಾಡಬೇಕು, ದಾಳಿ ಅಷ್ಟು ನಿಧಾನ.

ಪರೀಕ್ಷೆ ಖಾತೆಯಿಂದ ಟಿಕೆಟ್ ಕೇಳಿದೆವು. ಬಂದದ್ದು ಆರ್‌ಸಿ4. ಪಾಸ್‌ವರ್ಡ್ ಸೊಸೈಟಿಯ ಹೆಸರು, ಸ್ಥಾಪನೆಯ ವರ್ಷ, ಕೊನೆಗೊಂದು ಅಟ್ ಚಿಹ್ನೆ. ಕೆಳಗಿಳಿದು ಕಟಿಂಗ್ ಚಹಾ ಕುಡಿದು ಬರುವಷ್ಟರಲ್ಲಿ ಸಿಕ್ಕಿತ್ತು. ಕೌಂಟರ್‌ನಲ್ಲಿ ಕೂರುವ ಹೊಸ ಹುಡುಗಿಯ ಖಾತೆಯೊಂದು ಕೈಗೆ ಸಿಕ್ಕರೆ ಸಾಕು, ಇಡೀ ಡೊಮೇನ್ ಸಿಕ್ಕ ಹಾಗೆ.

ರೇಡಿಯಸ್‌ನ ಕಥೆ ಬೇರೆ. ಅಲ್ಲಿ ನನಗೆ ಇಷ್ಟವಾದ ಒಂದು ವಿಚಾರ ಇದೆ. ಪ್ಯಾಪ್ ಕೆಟ್ಟದ್ದು, ಪಾಸ್‌ವರ್ಡ್ ಹಾಗೇ ಕಳಿಸುತ್ತದೆ. ಚಾಪ್ ಒಳ್ಳೆಯದು, ಪಾಸ್‌ವರ್ಡ್ ಕಳಿಸದೆ ಸವಾಲಿಗೆ ಉತ್ತರ ಕಳಿಸುತ್ತದೆ. ಪುಸ್ತಕಗಳಲ್ಲಿ ಹೀಗೇ ಇರುತ್ತದೆ. ಅರ್ಧ ನಿಜ. ಚಾಪ್‌ನಲ್ಲಿ ಸರ್ವರ್ ಉತ್ತರವನ್ನು ತಾಳೆ ನೋಡಬೇಕಾದರೆ ಅದರ ಬಳಿ ಅಸಲಿ ಪಾಸ್‌ವರ್ಡ್ ಇರಲೇಬೇಕು. ಹ್ಯಾಶ್ ಮಾಡಿ ಇಟ್ಟರೆ ಆಗದು. ಅಂದರೆ ದಾರಿಯಲ್ಲಿ ಕಳ್ಳತನ ತಪ್ಪಿತು, ಗೋದಾಮಿನ ಬಾಗಿಲು ತೆರೆಯಿತು. ಪ್ಯಾಪ್‌ನಲ್ಲಿ ಇದು ತಿರುವುಮುರುವು: ದಾರಿ ತೆರೆದಿದೆ, ಗೋದಾಮನ್ನು ಗಟ್ಟಿ ಹ್ಯಾಶ್‌ನಿಂದ ಮುಚ್ಚಬಹುದು. ದಾರಿಯನ್ನು ಟಿಎಲ್‌ಎಸ್ ಸುರಂಗದಿಂದ (ಎರಡು ತುದಿಗಳ ನಡುವಿನ ಮಾತನ್ನೆಲ್ಲ ಗೂಢಲಿಪಿಯಲ್ಲಿ ಇಡುವ ವ್ಯವಸ್ಥೆ) ಮುಚ್ಚುವುದಾದರೆ, ಬರಿದಾದ ಚಾಪ್‌ಗಿಂತ ಸುರಂಗದೊಳಗಿನ ಪ್ಯಾಪ್ ವಾಸಿ ಅನ್ನುವವನು ನಾನು.

ಸೊಸೈಟಿಯಲ್ಲಿ ಸುರಂಗ ಇರಲಿಲ್ಲ. ಡೊಂಬಿವಲಿಯ ರೌಟರ್‌ನಿಂದ ಫೋರ್ಟ್‌ನ ಸರ್ವರ್‌ಗೆ ಮಾತು ಸಾಮಾನ್ಯ ಬ್ರಾಡ್‌ಬ್ಯಾಂಡ್ ಮೇಲೆ, ಯುಡಿಪಿ 1812ನೇ ಪೋರ್ಟ್‌ನಲ್ಲಿ ಹೋಗುತ್ತಿತ್ತು. ರೇಡಿಯಸ್‌ನಲ್ಲಿ ಮುಚ್ಚುವುದು ಪಾಸ್‌ವರ್ಡ್ ಒಂದನ್ನೇ, ಅದೂ ಎಂಡಿ5 ಅನ್ನುವ ಹಳೇ ಹ್ಯಾಶ್ ಲೆಕ್ಕ ಮತ್ತು ಎರಡೂ ಕಡೆಗೆ ಗೊತ್ತಿರುವ ಗುಟ್ಟು ಪದದಿಂದ. ಎಲ್ಲ ಶಾಖೆಗೂ ಒಂದೇ ಗುಟ್ಟು ಪದ ಇತ್ತು. 2024ರ ಜುಲೈಯಲ್ಲಿ ಬಯಲಾದ ಬ್ಲಾಸ್ಟ್-ರೇಡಿಯಸ್ ದಾಳಿಗೆ ಆ ಪದವೂ ಬೇಕಿಲ್ಲ, ಪಾಸ್‌ವರ್ಡೂ ಬೇಕಿಲ್ಲ. ಮಧ್ಯದಲ್ಲಿ ಕೂತು, ಎಂಡಿ5ನ ದೌರ್ಬಲ್ಯ ಬಳಸಿ, ಸರ್ವರ್ ಹೇಳಿದ "ಬೇಡ"ವನ್ನು "ಒಳಗೆ ಬಿಡು" ಅಂತ ತಿದ್ದುತ್ತಾರೆ. ಪ್ಯಾಪ್, ಚಾಪ್, ಎಂಎಸ್-ಚಾಪ್ ಮೂರಕ್ಕೂ ಇದು ತಟ್ಟುತ್ತದೆ. ಇಎಪಿ (ಬೇರೆ ಬೇರೆ ಲಾಗಿನ್ ಕ್ರಮಗಳನ್ನು ಹೊತ್ತೊಯ್ಯುವ ಚೌಕಟ್ಟು) ಬಳಸುವವರಿಗೆ ತಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಮೆಸೇಜ್ ಆಥೆಂಟಿಕೇಟರ್ ಅನ್ನುವ ಮುದ್ರೆ ಮೊದಲಿನಿಂದಲೂ ಕಡ್ಡಾಯ.

ಇನ್ನು ವೈಫೈ. ಒಂದೇ ಪಾಸ್‌ವರ್ಡ್ ಅಂದೆನಲ್ಲ, ಅದು ಪಿಗ್ಮಿ ಏಜೆಂಟರಿಗೆ, ಅವರ ಮಕ್ಕಳಿಗೆ, ಪಕ್ಕದ ಅಂಗಡಿಯವರಿಗೆ ಎಲ್ಲರಿಗೂ ಗೊತ್ತು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಬೇಕಿತ್ತು. ಐಟಿ ಹುಡುಗನ ಆಯ್ಕೆ ಪೀಪ್, ಅಂದರೆ ಟಿಎಲ್‌ಎಸ್ ಸುರಂಗ ಹೊದ್ದ ಇಎಪಿ, ಒಳಗೆ ಎಂಎಸ್-ಚಾಪ್ ವಿ2. ಎಲ್ಲೆಡೆ ನಡೆಯುವುದು ಅದೇ, ಹಾಕುವುದೂ ಸುಲಭ. ಹೊರಗೆ ಟಿಎಲ್‌ಎಸ್ ಸುರಂಗ ಇರುವುದರಿಂದ ಒಳಗಿನ ದೌರ್ಬಲ್ಯ ಕಾಣುವುದಿಲ್ಲ. ಆದರೆ ಸುರಂಗದ ಆ ಕಡೆ ಯಾರಿದ್ದಾರೆ ಅಂತ ನೋಡುವುದು ಫೋನಿನ ಕೆಲಸ. ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ಪರೀಕ್ಷಿಸದೆ ಸೇರಿಕೊಳ್ಳುವ ಫೋನ್, ಅದೇ ಹೆಸರಿನ ನಕಲಿ ವೈಫೈಗೂ ಸೇರಿಕೊಳ್ಳುತ್ತದೆ. ಆಗ ಎಂಎಸ್-ಚಾಪ್ ಉತ್ತರ ನೇರ ಕಳ್ಳನ ಕೈಗೆ. ಆಂಡ್ರಾಯ್ಡ್ 11ರ 2020ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ "ಪರೀಕ್ಷಿಸಬೇಡ" ಅನ್ನುವ ಆಯ್ಕೆ ತೆಗೆದದ್ದು ಇದಕ್ಕೇ. ಹಳೇ ಫೋನ್‌ಗಳಲ್ಲಿ ಅದು ಇನ್ನೂ ಇದೆ. ಏಜೆಂಟರ ಕೈಯಲ್ಲಿ ಇರುವುದೂ ಅವೇ.

ಈ ಒಂದು ವಿಷಯದಲ್ಲಿ ನನಗೂ ಐಟಿ ಹುಡುಗನಿಗೂ ಸ್ವಲ್ಪ ಜಗ್ಗಾಟ ಆಯಿತು. ನನ್ನ ಮತ ಇಎಪಿ-ಟಿಎಲ್‌ಎಸ್‌ಗೆ. ಅಲ್ಲಿ ಪಾಸ್‌ವರ್ಡೇ ಇಲ್ಲ, ಎರಡೂ ಕಡೆ ಸರ್ಟಿಫಿಕೇಟ್. ಕದಿಯಲು ಉತ್ತರ ಇರುವುದಿಲ್ಲ. "ಅರವತ್ತು ಕಂಪ್ಯೂಟರ್‌ಗೆ ಸರ್ಟಿಫಿಕೇಟ್ ಯಾರು ಹಾಕೋದು ಸರ್?" ಅಂತ ಅವನು. ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ಗೆ ಅದು ತಾನಾಗಿ ಬಂದು ಕೂರುವ ಹಾಗೆ ಮಾಡಬಹುದು ಅಂತ ಎರಡು ಲ್ಯಾಪ್‌ಟಾಪ್‌ನಲ್ಲಿ ಮಾಡಿ ತೋರಿಸಿದ ಮೇಲೆ ಒಪ್ಪಿದ. ಏಜೆಂಟರ ಫೋನ್‌ಗಳನ್ನು ಬೇರೆಯೇ ಅತಿಥಿ ಜಾಲಕ್ಕೆ ಹಾಕಿದೆವು. ಅವರಿಗೆ ಬೇಕಾದದ್ದು ಇಂಟರ್‌ನೆಟ್ ಮಾತ್ರ, ಸರ್ವರ್ ಅಲ್ಲ. ಸರ್ಟಿಫಿಕೇಟ್ ಕೊಡುವ ಸರ್ವರ್‌ನಲ್ಲೂ ಒಂದು ಬಲೆ ಇದೆ: ಕೇಳುವವರೇ ತಮ್ಮ ಹೆಸರು ಬರೆದುಕೊಳ್ಳಲು ಬಿಡುವ ಟೆಂಪ್ಲೇಟ್ ಇದ್ದರೆ, ಯಾರು ಬೇಕಾದರೂ ಅಡ್ಮಿನ್ ಹೆಸರಲ್ಲಿ ಸರ್ಟಿಫಿಕೇಟ್ ಪಡೆಯಬಹುದು. ಅದನ್ನು ಮೊದಲೇ ಮುಚ್ಚಿದೆವು.

ಖರ್ಚಿಗೆ ಆಡಳಿತ ಮಂಡಳಿ ಒಪ್ಪಬೇಕಿತ್ತು. ಅಲ್ಲಿ ಡಿಇಎಸ್, ಎಂಡಿ5 ಯಾವುದೂ ನಡೆಯುವುದಿಲ್ಲ. ಒಬ್ಬ ಹಿರಿಯ ನಿರ್ದೇಶಕರೇ ಪುಣೆಯ ಕಾಸ್ಮೋಸ್ ಬ್ಯಾಂಕಿನ ಹೆಸರು ಎತ್ತಿದರು. 2018ರ ಆಗಸ್ಟ್‌ನ ಸೈಬರ್ ದಾಳಿಯಲ್ಲಿ ಅಲ್ಲಿ 94 ಕೋಟಿ ರೂಪಾಯಿಗೂ ಹೆಚ್ಚು ಹೋಯಿತು. ಅದು ಬಹುಪಾಲು ಎಟಿಎಂ ಸ್ವಿಚ್‌ನ ವಿಚಾರ, ನಮ್ಮ ಸ್ಕ್ಯಾನರ್‌ಗೂ ಅದಕ್ಕೂ ಸಂಬಂಧವಿಲ್ಲ ಅಂತ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಣ ಮಂಜೂರಾಯಿತು.

ಕೆಲಸದ ಕ್ರಮ ಸುಮಾರಾಗಿ ಹೀಗೆ. ಡೇಟಾಬೇಸ್ ಖಾತೆಯನ್ನು ಅದೇ ದಿನ ಅಡ್ಮಿನ್ ಗುಂಪಿನಿಂದ ಇಳಿಸಿದೆವು. ಆಮೇಲೆ ಅದರ ಜಾಗಕ್ಕೆ ಗುಂಪು ನಿರ್ವಹಿತ ಸೇವಾ ಖಾತೆ ಬಂತು. ವಿಂಡೋಸ್ ಸರ್ವರ್ 2012ರಿಂದ ಇರುವ ಸೌಲಭ್ಯ ಇದು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಪಿಪಿಟಿಪಿ ನಿಲ್ಲಿಸಿ ಸರ್ಟಿಫಿಕೇಟ್ ಇರುವ ಐಕೆಇ ವಿ2 ವಿಪಿಎನ್ ಹಾಕಿದೆವು. ಮ್ಯಾಕ್ ನಿರ್ದೇಶಕರದ್ದೇ ಮೊದಲ ಲಾಗಿನ್. ಶಾಖೆಗಳ ನಡುವೆ ಐಪಿಸೆಕ್ ಸುರಂಗ, ರೇಡಿಯಸ್ ಅದರೊಳಗೆ, ಮೆಸೇಜ್ ಆಥೆಂಟಿಕೇಟರ್ ಕಡ್ಡಾಯ, ಶಾಖೆಗೊಂದು ಗುಟ್ಟು ಪದ. ಫೋಲ್ಡರ್‌ಗಳನ್ನು ಐಪಿಯಿಂದ ಹೆಸರಿಗೆ ಬದಲಿಸಿದ್ದು, ಎಲ್ಲ ಕಂಪ್ಯೂಟರ್‌ಗೂ ಒಂದೇ ಕಡೆಯಿಂದ ಸೂಚನೆ ಕೊಡುವ ಗ್ರೂಪ್ ಪಾಲಿಸಿಯ ಒಂದು ಸಾಲಿನ ಕೆಲಸ. ಮರುದಿನ ಲಾಗ್‌ನಲ್ಲಿ ಎನ್‌ಟಿಎಲ್‌ಎಂ ಸಾಲುಗಳು ಒಮ್ಮೆಲೇ ಇಳಿದವು. ಇಡೀ ಕೆಲಸದಲ್ಲಿ ದುಡ್ಡೇ ಖರ್ಚಾಗದೆ ಜಾಸ್ತಿ ಲಾಭ ಕೊಟ್ಟದ್ದು ಇದು.

ವಿ1 ನಿಲ್ಲಿಸುವುದೇ ಕಷ್ಟವಾದದ್ದು. ವಿಂಡೋಸ್‌ನಲ್ಲಿ ಇದಕ್ಕೆ 0ಯಿಂದ 5ರವರೆಗೆ ಮಟ್ಟಗಳಿವೆ. ಏನೂ ಮುಟ್ಟದಿದ್ದರೆ 3: ತಾನು ವಿ2 ಕಳಿಸುತ್ತದೆ, ಆದರೆ ಡೊಮೇನ್ ಸರ್ವರ್ ಹಳೇದು ಬಂದರೂ ಬಾಗಿಲು ತೆರೆಯುತ್ತದೆ. 5ಕ್ಕೆ ಏರಿಸಿದರೆ ವಿ2 ಬಿಟ್ಟು ಬೇರೆಲ್ಲವನ್ನೂ ತಿರಸ್ಕರಿಸುತ್ತದೆ. ಏರಿಸಿದೆವು. ಮುಲುಂಡ್‌ನ ಸ್ಕ್ಯಾನರ್ ನಿಂತಿತು, ಅದು ಗೊತ್ತಿದ್ದದ್ದೇ. ಹೊಸದು ಬರುವ ತನಕ ಪೆನ್ ಡ್ರೈವ್‌ಗೆ ಸ್ಕ್ಯಾನ್ ಮಾಡಿ ಅಂತ ಹೇಳಿ ಬೈಗುಳ ತಿಂದೆವು. ಆದರೆ ವಾಶಿಯಲ್ಲಿ ಹಾಜರಿ ಮಶೀನೂ ನಿಂತಿತು. ಅದರ ಹಿಂದೆ ಡೊಮೇನ್‌ಗೆ ಸೇರಿಸದೆ ಬಿಟ್ಟ ಒಂದು ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇತ್ತು, ಪಟ್ಟಿಯಲ್ಲೇ ಇರಲಿಲ್ಲ. ಸಂಬಳದ ದಿನ ಹತ್ತಿರ ಬಂದಿತ್ತು, ಎರಡು ದಿನದ ಹಾಜರಿ ರಿಜಿಸ್ಟರ್‌ನಲ್ಲಿ ಕೈಯಿಂದ ಬರೆದರು. ಎಕ್ಸ್‌ಪಿಗೂ ವಿ2 ಕಳಿಸು ಅಂತ ಹೇಳಬಹುದು. ಆದರೆ ಅದಕ್ಕಾಗಿ ಸರ್ವರ್‌ನಲ್ಲಿ ಫೈಲ್ ಹಂಚಿಕೆಯ ಹಳೇ ಪ್ರೋಟೋಕಾಲ್ ಎಸ್‌ಎಂಬಿ 1 ಅನ್ನು ಉಳಿಸಿಕೊಳ್ಳಬೇಕಿತ್ತು. ಅದಕ್ಕೆ ಮನಸ್ಸು ಬರಲಿಲ್ಲ. ಹಾಜರಿ ಸಾಫ್ಟ್‌ವೇರನ್ನು ಬೇರೆ ಕಂಪ್ಯೂಟರ್‌ಗೆ ಸಾಗಿಸಿ ಎಕ್ಸ್‌ಪಿಯನ್ನು ಕಳಚಿದೆವು.

ಎನ್‌ಟಿಎಲ್‌ಎಂ ವಿ2 ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಸಾಲದ ಸಾಫ್ಟ್‌ವೇರ್‌ನ ವರದಿ ಮುದ್ರಿಸುವ ಭಾಗದಲ್ಲಿ ಐಪಿ ವಿಳಾಸವನ್ನು ಪ್ರೋಗ್ರಾಂ ಒಳಗೇ ಬರೆದಿದ್ದಾರೆ. ಅದನ್ನು ತಿದ್ದಿಕೊಡಲು ಮಾರಿದವರು ಒಪ್ಪಿದ್ದಾರೆ, ತಾರೀಕು ಹೇಳಿಲ್ಲ. ಅಲ್ಲಿಯ ತನಕ ಎಸ್‌ಎಂಬಿ ಸೈನಿಂಗ್ ಕಡ್ಡಾಯ ಮಾಡಿ, ಎನ್‌ಟಿಎಲ್‌ಎಂ ಬಳಕೆಯನ್ನು ತಡೆಯದೆ ದಾಖಲಿಸುವ ಮಟ್ಟದಲ್ಲಿ ಇಟ್ಟಿದ್ದೇವೆ. ಐಟಿ ಹುಡುಗ ವಾರಕ್ಕೊಮ್ಮೆ ಆ ಪಟ್ಟಿ ತೆಗೆದು ಕಳಿಸುತ್ತಾನೆ. ಸದ್ಯ ಅದರಲ್ಲಿ ಬರುವುದು ಆ ಒಂದು ಪ್ರೋಗ್ರಾಂ, ಮತ್ತು ಮಾಟುಂಗಾದ ಒಬ್ಬರು. ಅವರು ಡೆಸ್ಕ್‌ಟಾಪ್‌ನಲ್ಲಿ ತಾವೇ ಮಾಡಿಕೊಂಡಿದ್ದ ಐಪಿ ಶಾರ್ಟ್‌ಕಟ್ ಬಿಡಲು ಇನ್ನೂ ಒಪ್ಪಿಲ್ಲ.